ಲೆನ್ಸ್, ಕಾಡಿಗೆ, ಕೆಂಪು ಕಣ್ಣು: ಮೊದಲು ರೆಪ್ಪೆಯ ಅಂಚು ನೋಡಿ

ತಿಂಗಳಿಗೊಮ್ಮೆ ಬದಲಿಸುವ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಭರತನಾಟ್ಯದ ಮೇಕಪ್ ಮಾಡಿಕೊಂಡ ಮರುದಿನ ಎರಡೂ ಕಣ್ಣು ಕೆಂಪಾಗಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಡ್ರಾಪ್ಸ್ ಹಾಕಿದರೆ ತಗ್ಗಿ ಮುಂದಿನ ಕಾರ್ಯಕ್ರಮಕ್ಕೆ ಮತ್ತೆ ಶುರುವಾಗುತ್ತದೆ, ಲೆನ್ಸ್ ಕಂಪನಿ ಬದಲಿಸಲೇ ಅಂತ ಕೇಳಿದ್ದೀರಿ. ಈಗಲೇ ಬೇಡ.

ಎಲ್ಲಕ್ಕಿಂತ ಮೊದಲು ಇದು ನೆನಪಿರಲಿ: ಕಣ್ಣು ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾಗಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅಥವಾ ಒಂದೇ ಕಣ್ಣು ಜೋರಾಗಿ ಕೆಂಪಾಗಿದ್ದರೆ ಕೂಡಲೇ ಲೆನ್ಸ್ ತೆಗೆದು ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಲೆನ್ಸ್ ಮತ್ತು ಡಬ್ಬಿ ಎಸೆಯದೆ ಜೊತೆಗೆ ಒಯ್ಯಿರಿ, ಸೋಂಕು ಪತ್ತೆಗೆ ಬೇಕಾಗಬಹುದು.

ಅಂಥದ್ದೇನೂ ಇಲ್ಲದಿದ್ದರೆ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆ ಜಗ್ಗಿ. ಕೂದಲ ಸಾಲಿನ ಹಿಂದೆ, ಒದ್ದೆ ಅಂಚಿನಲ್ಲಿ, ಸೂಜಿಮೊನೆಯಷ್ಟು ಚುಕ್ಕೆಗಳ ಸಾಲು ಕಾಣುತ್ತದೆ. ಅವು ಮೈಬೋಮಿಯನ್ ಗ್ರಂಥಿಗಳ ಬಾಯಿ. ಕೆಳರೆಪ್ಪೆಯಲ್ಲಿ ಸುಮಾರು 20ರಿಂದ 30, ಮೇಲ್ರೆಪ್ಪೆಯಲ್ಲಿ 25ರಿಂದ 40 ಇರುತ್ತವೆ. ಇವುಗಳಿಂದ ಬರುವ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಆರದಂತೆ ಕಾಯುತ್ತದೆ. ಒಳ ಅಂಚಿಗೆ ತೀಡಿದ ಕಾಡಿಗೆ ಕೂರುವುದು ಸರಿಯಾಗಿ ಈ ಬಾಯಿಗಳ ಮೇಲೆಯೇ. ಎಣ್ಣೆ ಕಟ್ಟಿಕೊಳ್ಳುತ್ತದೆ, ಕಣ್ಣೀರು ಬೇಗ ಆರುತ್ತದೆ, ಉದುರಿದ ಕಣ ಲೆನ್ಸಿಗೆ ಅಂಟಿ ಪ್ರತಿ ಸಲ ರೆಪ್ಪೆ ಮಿಟುಕಿಸಿದಾಗಲೂ ಉಜ್ಜುತ್ತದೆ. ಹರಳೆಣ್ಣೆ ದೀಪದ ಮನೆಯ ಕಾಡಿಗೆಯಾದರೂ ಮಸಿ ಮಸಿಯೇ. ಸುರ್ಮಾ ಅಂತೂ ಬೇಡವೇ ಬೇಡ, ಅದರಲ್ಲಿ ಸೀಸ ಇರುವುದುಂಟು.

ಹಾಗಾಗಿ ಗೆರೆಯನ್ನು ಕೂದಲ ಸಾಲಿನ ಹೊರಗೆ ಎಳೆಯಿರಿ. ವೇದಿಕೆಗೆ ಕಣ್ಣು ದೊಡ್ಡದಾಗಿ ಕಾಣಬೇಕಾದರೆ ಹೊರಗಿನ ಗೆರೆಯನ್ನೇ ದಪ್ಪ ಮಾಡಿ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೇರ್ ಸ್ಪ್ರೇ ಮೊದಲು, ಆಮೇಲೆ ಕೈ ಸೋಪಿನಲ್ಲಿ ತೊಳೆದು, ನಾರು ಬಿಡದ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಲೆನ್ಸ್ ಹಾಕಿ, ಕೊನೆಗೆ ಮೇಕಪ್. ಮುಗಿದ ಮೇಲೆ ಮೊದಲು ಲೆನ್ಸ್ ತೆಗೆಯಿರಿ, ನಂತರವೇ ಮೇಕಪ್. ಹೆಚ್ಚಿನವರು ತಪ್ಪುವುದು ಇಲ್ಲೇ: ಲೆನ್ಸ್ ಇದ್ದ ಹಾಗೇ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಾರೆ, ಎಣ್ಣೆ ಲೆನ್ಸಿಗೆ ಹತ್ತಿ ಮಂಜು ಕವಿಯುತ್ತದೆ. ಪುಡಿ ಐಶ್ಯಾಡೋ ಬದಲು ಕ್ರೀಮ್ ಆಗಲಿ, ಮಿನುಗುಪುಡಿ ಬಿಡಿ. ಮಸ್ಕಾರ ಮೂರು ತಿಂಗಳಿಗೊಮ್ಮೆ ಹೊಸದು, ಯಾರ ಜೊತೆಗೂ ಹಂಚಿಕೊಳ್ಳಬೇಡಿ.

ರಾತ್ರಿ ಮುಖ ತೊಳೆದ ಮೇಲೆ, ಕೈಗೆ ಹಿತವೆನಿಸುವಷ್ಟು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಿ. ಬಟ್ಟೆಯ ಬಿಸಿ ಬೇಗ ಆರುತ್ತದೆ, ಆಗಾಗ ಮತ್ತೆ ಅದ್ದಬೇಕು. ಆಮೇಲೆ ಮೇಲ್ರೆಪ್ಪೆಯನ್ನು ಮೇಲಿನಿಂದ ಕೆಳಕ್ಕೆ, ಕೆಳರೆಪ್ಪೆಯನ್ನು ಕೆಳಗಿನಿಂದ ಮೇಲಕ್ಕೆ, ಕೂದಲ ಕಡೆಗೆ ಮೆಲ್ಲನೆ ನೀವಿ, ರೆಪ್ಪೆ ಒರೆಸುವ ವೈಪ್ಸ್‌ನಿಂದ ಕೂದಲ ಬುಡ ಒರೆಸಿ. ಫಲ ಕಾಣಲು ಕೆಲವು ವಾರ ಬೇಕು, ನಾಲ್ಕೇ ದಿನಕ್ಕೆ ಬಿಡಬೇಡಿ.

ಲೆನ್ಸ್ ವಿಷಯ: 30 ದಿನ ಅಂದರೆ ಪೊಟ್ಟಣ ಒಡೆದ ದಿನದಿಂದ, ಹಾಕಿದ ದಿನಗಳ ಲೆಕ್ಕವಲ್ಲ. ಲೆನ್ಸ್ ತೊಳೆಯುವ ಸೊಲ್ಯೂಷನ್ ಸೀಸೆಯಲ್ಲಿ ‘ಉಜ್ಜುವುದು ಬೇಡ’ ಎಂದು ಬರೆದಿದ್ದರೂ ಲೆನ್ಸನ್ನು ಅಂಗೈಯಲ್ಲಿಟ್ಟು ಅದನ್ನು ಹಾಕಿ ಉಜ್ಜಿ ತೊಳೆಯಿರಿ. ಹಳೇ ಸೊಲ್ಯೂಷನ್ ಮೇಲೆ ಹೊಸದು ತುಂಬಬೇಡಿ. ಡಬ್ಬಿಗೆ ನಲ್ಲಿ ನೀರು ತಾಗಿಸಲೇಬೇಡಿ, ಅದರಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣನ್ನೇ ಹಾಳುಮಾಡಬಲ್ಲದು. ಖಾಲಿ ಡಬ್ಬಿಯನ್ನು ಬೋರಲು ಹಾಕಿ ಒಣಗಿಸಿ, ಮೂರು ತಿಂಗಳೊಳಗೆ ಬದಲಿಸಿ. ಕಾರ್ಯಕ್ರಮಕ್ಕೆ ಮಾತ್ರ ಲೆನ್ಸ್ ಬೇಕಿದ್ದರೆ ಒಂದು ದಿನ ಹಾಕಿ ಎಸೆಯುವ ಲೆನ್ಸ್ ಬಗ್ಗೆ ಡಾಕ್ಟರನ್ನು ಕೇಳಿ, ನನ್ನ ಮಟ್ಟಿಗೆ ನಿಮಗೆ ಅದೇ ಸರಿ.

ಆ ಡ್ರಾಪ್ಸ್ ಯಾವುದು ಅಂತ ಸೀಸೆ ಓದಿ. ನಾಫಜೋಲಿನ್ ಇದ್ದರೆ ಅದು ರಕ್ತನಾಳ ಕುಗ್ಗಿಸಿ ಬೆಳ್ಳಗೆ ಮಾಡುತ್ತದೆ, ಅದರ ಪ್ರಭಾವ ಇಳಿದ ಮೇಲೆ ಕಣ್ಣು ಮೊದಲಿಗಿಂತ ಕೆಂಪು. ಸ್ಟಿರಾಯ್ಡ್ ಇದ್ದರೆ ಡಾಕ್ಟರ್ ಹೇಳದೆ ಹಾಕಲೇಬೇಡಿ, ಕಣ್ಣಿನ ಒತ್ತಡ ಏರಿಸುತ್ತದೆ, ಸೋಂಕಿದ್ದರೆ ಬೆಳೆಸುತ್ತದೆ. ಬೇಕಾದದ್ದು ಪ್ರಿಸರ್ವೇಟಿವ್ ಇಲ್ಲದ, ಲೆನ್ಸ್ ಮೇಲೆ ಹಾಕಬಹುದು ಎಂದು ಬರೆದಿರುವ ಕೃತಕ ಕಣ್ಣೀರು.

ಈಗ ಎರಡು ವಾರ ಲೆನ್ಸ್, ಕಣ್ಣಿನ ಮೇಕಪ್ ಎರಡೂ ನಿಲ್ಲಿಸಿ ಕನ್ನಡಕ ಹಾಕಿ. ಕಣ್ಣು ತಿಳಿಯಾದರೆ ಮೊದಲು ಲೆನ್ಸ್ ಮಾತ್ರ, ಒಂದು ವಾರದ ನಂತರ ಮೇಕಪ್ ಒಂದೊಂದಾಗಿ ಸೇರಿಸಿ, ಯಾವುದು ತೊಂದರೆ ಕೊಡುತ್ತಿದೆ ಎಂದು ಗೊತ್ತಾಗುತ್ತದೆ. ಎರಡೂ ಬಿಟ್ಟಮೇಲೂ ಕೆಂಪು ಇಳಿಯದಿದ್ದರೆ, ಬೆಳಿಗ್ಗೆ ಗೀಜು ಕಟ್ಟುತ್ತಿದ್ದರೆ, ಕೂದಲ ಬುಡದಲ್ಲಿ ಹೊಟ್ಟು ಕಂಡರೆ ಅಥವಾ ಮೇಲ್ರೆಪ್ಪೆಯ ಒಳಗೆ ವಿಪರೀತ ತುರಿಕೆಯಿದ್ದರೆ ರೆಪ್ಪೆ ಮಗುಚಿ ಪರೀಕ್ಷೆ ಮಾಡಿಸಿಕೊಳ್ಳಿ.