ತಮ್ಮ ಯೋಚನೆಯನ್ನು ತಾವೇ ಗಮನಿಸುವ ಉದ್ಯಮಿಗಳು ಪೆಟ್ಟು ತಿಂದ ಮೇಲೆ ಬೇಗ ಏಳುತ್ತಾರಾ?

ಏಳುತ್ತಾರೆ ಅಂತಲೇ ನನಗೆ ಅನಿಸುತ್ತದೆ. ಆದರೆ ಗಮನಿಸುವುದು ಅಂದರೆ ಕೂತು ಕೊರಗುವುದಲ್ಲ. ನಾನು ಪುತ್ತೂರು ಕಡೆ ಸಣ್ಣ ಘಟಕಗಳ ಲೆಕ್ಕ, ಜಿಎಸ್‌ಟಿ ನೋಡಿಕೊಳ್ಳುವವನು. ಅಡಿಕೆ ಹಾಳೆಯಿಂದ ತಟ್ಟೆ ಮಾಡುವವರದ್ದೇ ಕಥೆ ಹೇಳುತ್ತೇನೆ.

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಊಟಕ್ಕೆ ಬಳಸಬಾರದು ಎಂದಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಅನ್ನೋ ರಾಸಾಯನಿಕ ಆಹಾರಕ್ಕೆ ಇಳಿಯಬಹುದು ಅನ್ನೋದು ಅದರ ವಾದ. ಇಲ್ಲಿ ಅದು ಮಳೆಗೆ ಮುಂಚೆ ಒಣ ಹಾಳೆ ತುಂಬಿಸಿಡುವ ಹೊತ್ತು. ನೆನೆದರೆ ಬೂಷ್ಟು ಹಿಡಿಯುತ್ತದಲ್ವಾ? ಈಗ ಕೊಳ್ಳದಿದ್ದರೆ ಮಳೆಗಾಲದಲ್ಲಿ ಮೆಷಿನ್ ಸುಮ್ನೆ ನಿಲ್ಲುತ್ತದೆ. ಕೊಂಡರೆ, ಆರ್ಡರ್ ಇಲ್ಲದೆ ದುಡ್ಡು ಗೋದಾಮಿನಲ್ಲಿ ಕೂರುತ್ತದೆ.

ಒಬ್ಬರು ‘ನಮ್ಮ ಕಥೆ ಮುಗೀತು’ ಅಂತ ಹಾಳೆ ಕೊಳ್ಳುವುದನ್ನೇ ಬಿಟ್ಟರು. ಇನ್ನೊಬ್ಬರು ನನ್ನ ಮೇಜಿನ ಮೇಲಿದ್ದ ಹಳೇ ಬಿಲ್ಲಿನ ಹಿಂದೆ ಉದ್ದಕ್ಕೆ ಗೆರೆ ಎಳೆದರು. ಎಡಕ್ಕೆ ‘ಗೊತ್ತಿರೋದು’, ಬಲಕ್ಕೆ ‘ನನ್ನ ಹೆದರಿಕೆ’. ‘ಅಮೆರಿಕದ ಆರ್ಡರ್ ನಿಂತಿದೆ’ ಎಡಕ್ಕೆ ಹೋಯಿತು. ‘ಇನ್ನು ಯಾರೂ ಹಾಳೆ ತಟ್ಟೆ ಕೊಳ್ಳಲ್ಲ’ ಅನ್ನೋದನ್ನು ಮೊದಲು ಎಡಕ್ಕೇ ಬರೆದವರು, ಹೊಡೆದು ಹಾಕಿ ಬಲಕ್ಕೆ ಹಾಕಿದರು. ಆಮೇಲೆ ಕೇಳಿದ್ದು ಒಂದೇ: ಇಲ್ಲಿನ ಮದುವೆ, ಕೇಟರಿಂಗ್‌ನವರಿಗೆ ಹೋದ ಮಾಲು ಎಷ್ಟು? ಅಷ್ಟಕ್ಕೆ ಬೇಕಾದಷ್ಟೇ ಹಾಳೆ ಕೊಂಡರು. ಘಟಕ ಚಿಕ್ಕದಾಯಿತು, ಆದರೆ ಬಾಗಿಲು ಮುಚ್ಚಲಿಲ್ಲ.

ದೊಡ್ಡವರಲ್ಲೂ ಇದೇ. 1985ರ ಹೊತ್ತಿಗೆ ಜಪಾನಿನ ಪೈಪೋಟಿಯಿಂದ ಅಮೆರಿಕದ ಕಂಪ್ಯೂಟರ್ ಚಿಪ್ ಕಂಪನಿ ಇಂಟೆಲ್‌ನ ಮೆಮೊರಿ ಚಿಪ್ ವ್ಯಾಪಾರ ಸೋಲುತ್ತಿತ್ತು. ನಮ್ಮನ್ನು ತೆಗೆದು ಹೊಸಬರನ್ನು ತಂದರೆ ಅವರೇನು ಮಾಡುತ್ತಾರೆ ಅಂತ ಕಂಪನಿಯ ಅಧ್ಯಕ್ಷ ಆಂಡಿ ಗ್ರೋವ್, ಅದರ ಮುಖ್ಯಸ್ಥ ಗಾರ್ಡನ್ ಮೂರ್ ಅವರನ್ನು ಕೇಳಿದರು. ಮೆಮೊರಿ ಬಿಡುತ್ತಾರೆ ಅಂದರು ಮೂರ್. ಹಾಗಾದರೆ ಅದನ್ನು ನಾವೇ ಮಾಡೋಣ ಅಂದರು ಗ್ರೋವ್. ಕಂಪನಿ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕ ಮಾಡುವ ಚಿಪ್, ಕಡೆ ತಿರುಗಿತು. ಎಲ್ಲರಿಗೂ ಗೊತ್ತಿದ್ದ ಉತ್ತರವೇ. ಹಳೇ ಮೋಹ ಅದನ್ನು ಕಾಣಗೊಡುತ್ತಿರಲಿಲ್ಲ, ಅಷ್ಟೇ. ಛಲ ಹಿಡಿದು ಕೂರುವುದನ್ನೇ ಗಟ್ಟಿತನ ಅಂದುಕೊಳ್ಳುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಗೆರೆ ಎಳೆದವರ ಮೆಷಿನ್ ಸಾಲ ಆಗಲೇ ತೀರಿತ್ತು. ಮೊದಲನೆಯವರಿಗೆ ತಿಂಗಳ ಕಂತು ಕಟ್ಟೋದಿತ್ತು. ಬ್ಯಾಂಕಿನಿಂದ ಫೋನ್ ಬರುತ್ತಿರುವಾಗ ಕೂತು ತನ್ನ ಯೋಚನೆಯನ್ನೇ ತೂಗುವ ಪುರುಸೊತ್ತು ಎಲ್ಲಿಂದ ಬರಬೇಕು? ಇದನ್ನು ಬಿಟ್ಟು ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಅಂತ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.