ಓದುಗರ ಪ್ರಶ್ನೆಗಳು: ಏರ್ ರೈಫಲ್ ಕೊಳ್ಳುವುದು, ಹೊಂದಿಸುವುದು, ಸ್ಟಾಕ್ (ಹಿಡಿದು ಹೆಗಲಿಗೆ ಇಡುವ ಭಾಗ) ಕಟ್ಟುವುದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 10 ಮೀಟರ್ ಗುರಿ ಅಭ್ಯಾಸಕ್ಕೆ ಬಳಸುವ 4.5 ಮಿ.ಮೀ. ಏರ್ ರೈಫಲ್ ಬಗ್ಗೆಯೇ ಇವೆ. ಯಾವ ಶಕ್ತಿಯವರೆಗೆ ಲೈಸೆನ್ಸ್ ಬೇಡ, ಯಾವ ವಯಸ್ಸಿನಿಂದ ಇಟ್ಟುಕೊಳ್ಳಬಹುದು ಎಂಬ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಅದನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ, ಕೊಂಡ ಮೇಲಲ್ಲ. ಕೆಳಗೆ ಹೇಳಿರುವ ಪ್ರತಿಯೊಂದು ಕೆಲಸವೂ, ಹೊಡೆದು ನೋಡುವ ಹೊತ್ತು ಬಿಟ್ಟರೆ ಖಾಲಿಯಾಗಿಯೇ ಇರುವ ರೈಫಲ್ ಮೇಲೆ, ನಳಿಗೆಯ ಬಾಯಿ ಯಾರ ಕಡೆಗೂ ಇಲ್ಲದಂತೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಬೇಕಾದದ್ದು.

ಪ್ರಶ್ನೆ: ಮೊದಲ ರೈಫಲ್ ಕೊಳ್ಳಬೇಕು. ಸ್ಪ್ರಿಂಗ್ ಮಾದರಿಯೋ, ಗಾಳಿ ತುಂಬಿಸುವ ಪಿಸಿಪಿಯೋ? ಡಬ್ಬಿಯ ಮೇಲೆ ಸೆಕೆಂಡಿಗೆ 350 ಮೀಟರ್ ಎಂದು ಬರೆದಿರುವುದನ್ನು ತೆಗೆದುಕೊಳ್ಳಲೇ?

ಉತ್ತರ: ಡಬ್ಬಿಯ ಮೇಲಿನ ವೇಗವನ್ನು ಮರೆತುಬಿಡಿ. ತುಂಬ ಹಗುರವಾದ, ಸೀಸವಿಲ್ಲದ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಹಾಕಿ ಆ ಅಂಕಿಯನ್ನು ಹೊರಡಿಸಿರುತ್ತಾರೆ. ಶಬ್ದದ ವೇಗದ ಹತ್ತಿರ ಹೋದ ಪೆಲೆಟ್ ಅಲ್ಲಾಡಲು ಶುರುಮಾಡುತ್ತದೆ, ಗುರಿ ಚದುರುತ್ತದೆ. ಸ್ಪರ್ಧೆಯ ರೈಫಲ್‌ಗಳು 0.53 ಗ್ರಾಂ ಪೆಲೆಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಬಿಡುತ್ತವೆ, ಅಂದರೆ ಹತ್ತಿರಹತ್ತಿರ 7.5 ಜೂಲ್. 10 ಮೀಟರ್ ದೂರದ ಕಾಗದಕ್ಕೆ ಅಷ್ಟು ಸಾಕು.

ಸ್ಪ್ರಿಂಗ್ ರೈಫಲ್‌ನ ತೊಡಕು ಶಕ್ತಿಯದ್ದಲ್ಲ, ಕುಲುಕಿನದ್ದು. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ನಿಂತಾಗ ಇಡೀ ರೈಫಲ್ ಮುಂದಕ್ಕೆ ಎಗರುತ್ತದೆ. ಇಷ್ಟೆಲ್ಲ ಶುರುವಾಗುವಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ಹಾಗಾಗಿ ಬಿಗಿಯಾಗಿ ಹಿಡಿದಷ್ಟೂ ಕೆಡುತ್ತದೆ. ಮುಂಗೈಯನ್ನು ಪ್ರತಿಸಲ ಒಂದೇ ಜಾಗದಲ್ಲಿ, ಸಡಿಲವಾಗಿ ಕೆಳಗಿಟ್ಟು, ರೈಫಲ್ ತನ್ನ ಪಾಡಿಗೆ ಅಲುಗಲು ಬಿಡಬೇಕು. ಕಲಿಯಲು ಸಮಯ ಹಿಡಿಯುತ್ತದೆ, ಆದರೆ ಪಂಪು, ಸಿಲಿಂಡರ್ ಯಾವ ರಗಳೆಯೂ ಇಲ್ಲ.

ಪಿಸಿಪಿಯಲ್ಲಿ ಕುಲುಕು ಇಲ್ಲವೆನ್ನುವಷ್ಟು ಕಡಿಮೆ. ಸ್ಪರ್ಧೆಯ ಮಾದರಿಗಳಿಗೆ ಸಾಮಾನ್ಯವಾಗಿ 200 ಬಾರ್‌ವರೆಗೆ ಗಾಳಿ ತುಂಬಿಸುತ್ತಾರೆ. ಅದಕ್ಕೆ ಕೈಪಂಪು ಅಥವಾ ದೊಡ್ಡ ಸಿಲಿಂಡರ್ ಬೇಕು. ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ಹೆಚ್ಚಿನವರು ಮರೆತುಬಿಡುವ ಮೂರನೇ ದಾರಿಯೊಂದಿದೆ: ಪಕ್ಕದ ಸನ್ನೆಯನ್ನು ಒಂದೇ ಸಲ ಎಳೆದು ಗಾಳಿ ಒತ್ತುವ ಮಾದರಿ. ಕುಲುಕಿಲ್ಲ, ಸಿಲಿಂಡರ್‌ನ ಅವಧಿ ಮುಗಿಯುವ ಚಿಂತೆಯಿಲ್ಲ, ಪ್ರತಿ ಹೊಡೆತಕ್ಕೂ ಒತ್ತಡ ಒಂದೇ. ಬರೀ ಕಾಗದದ ಗುರಿಗೆ ಹೊಡೆಯುವವರಿಗೆ ಹಳೆಯ ಆದರೆ ಸುಸ್ಥಿತಿಯಲ್ಲಿರುವ ಇಂಥದ್ದೊಂದು ಸಿಕ್ಕರೆ ಅದೇ ನಮ್ಮ ಮೊದಲ ಆಯ್ಕೆ.

ಪ್ರಶ್ನೆ: ಹಳೆಯ ರೈಫಲ್ ನೋಡಲು ಹೋಗುತ್ತಿದ್ದೇನೆ. ಏನೇನು ಪರೀಕ್ಷಿಸಬೇಕು?

ಉತ್ತರ: ಪಿಸಿಪಿಯಾದರೆ ಮೊದಲು ಸಿಲಿಂಡರ್ ಮೇಲೆ ಕೊರೆದಿರುವ ದಿನಾಂಕ ನೋಡಿ. ಸ್ಪರ್ಧೆಯಲ್ಲಿ ತಯಾರಕರು ನಿಗದಿಮಾಡಿದ ಅವಧಿ, ಹೆಚ್ಚೆಂದರೆ 10 ವರ್ಷ, ದಾಟಿದ ಸಿಲಿಂಡರ್ ನಡೆಯುವುದಿಲ್ಲ. ಹೊಸ ಸಿಲಿಂಡರ್‌ನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಗಾಳಿ ತುಂಬಿಸಿ ಒಂದು ದಿನ ಬಿಟ್ಟು ಮಾಪಕದ ಮುಳ್ಳು ಇಳಿದಿದೆಯೇ ನೋಡಲು ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ.

ನಳಿಗೆಯ ತುದಿಯ ಅಂಚಿನ ಸುತ್ತ ಹತ್ತಿಯ ಕಡ್ಡಿಯನ್ನು ಆಡಿಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ನೆಗ್ಗಿದೆ ಎಂದರ್ಥ. ಪೆಲೆಟ್ ಹೊರಬೀಳುವಾಗ ಗಾಳಿ ಒಂದು ಕಡೆಯಿಂದ ಮೊದಲು ನುಸುಳಿ ಅದನ್ನು ವಾಲಿಸುತ್ತದೆ. ನಳಿಗೆ ಮಡಚುವ ಮಾದರಿಯಲ್ಲಿ ಮುಚ್ಚಿದ ನಳಿಗೆಯನ್ನು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿ, ಆಟ ಇರಲೇಬಾರದು. ಕೀಲಿನ ಮೇಲೆ ತೆಳ್ಳನೆಯ ಟಿಶ್ಯೂ ಚೂರೊಂದನ್ನು ಹಾಸಿ, ಪೆಲೆಟ್ ಹಾಕಿ ಗುರಿಯ ಪೆಟ್ಟಿಗೆಗೆ ಹೊಡೆಯಿರಿ. ಚೂರು ಹಾರಿದರೆ ಸೀಲ್ ಸೋರುತ್ತಿದೆ. ಇದು ಸಣ್ಣ ದುರಸ್ತಿ, ಇದಕ್ಕಾಗಿ ರೈಫಲ್ ಬಿಡಬೇಕಿಲ್ಲ.

ವೇಗಮಾಪಕ ಸಿಕ್ಕರೆ ಹತ್ತು ಹೊಡೆತ ಅಳೆಯಿರಿ. ಒಳ್ಳೆಯ ಪಿಸಿಪಿಯಲ್ಲಿ ಗರಿಷ್ಠಕ್ಕೂ ಕನಿಷ್ಠಕ್ಕೂ ಸೆಕೆಂಡಿಗೆ 3-4 ಮೀಟರ್‌ಗಿಂತ ಹೆಚ್ಚು ಅಂತರ ಇರುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿಟ್ಟ ಮೇಲಿನ ಮೊದಲ ಹೊಡೆತ ಮಾತ್ರ ಪ್ರತಿಸಲ ಜೋರಾಗಿದ್ದರೆ ರೆಗ್ಯುಲೇಟರ್ (ಪ್ರತಿ ಹೊಡೆತಕ್ಕೂ ಒತ್ತಡ ಸಮನಾಗಿಡುವ ಭಾಗ) ಸೋರಿ ಒತ್ತಡ ಮೆಲ್ಲಗೆ ಏರುತ್ತಿದೆ ಎಂದು ತಿಳಿಯಿರಿ.

ಪ್ರಶ್ನೆ: ನಾಲ್ಕು ಬಗೆಯ ಪೆಲೆಟ್ ತಂದೆ. ಮೂರು ಹೊಡೆತದ ಗುಂಪು ಒಮ್ಮೆ ಚಿಕ್ಕದು, ಒಮ್ಮೆ ದೊಡ್ಡದು. ಯಾವುದು ನನ್ನ ರೈಫಲ್‌ಗೆ ಸರಿ?

ಉತ್ತರ: ಮೂರು ಹೊಡೆತದ ಗುಂಪಿನಿಂದ ಏನೂ ತಿಳಿಯುವುದಿಲ್ಲ. ಕೆಟ್ಟ ಪೆಲೆಟ್ ಕೂಡ ಆಗಾಗ ಮೂರನ್ನು ಒಂದೇ ತೂತಿನಲ್ಲಿ ಕೂರಿಸುತ್ತದೆ. ಪ್ರತಿ ಬಗೆಯಲ್ಲೂ ಹತ್ತು ಹೊಡೆತದ ಮೂರು ಗುಂಪಾದರೂ ಬೇಕು. ರೈಫಲನ್ನು ಮರಳುಚೀಲದ ಮೇಲಿಟ್ಟು, ಪ್ರತಿಸಲ ಅದೇ ಜಾಗ ಚೀಲಕ್ಕೆ ತಾಗುವಂತೆ ಗುರುತು ಹಾಕಿಕೊಳ್ಳಿ. ಪೆಲೆಟ್ ಬದಲಿಸಿದಾಗ ಮೊದಲ ಐದರಿಂದ ಹತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಳಿಗೆ ಹೊಸ ಸೀಸಕ್ಕೆ ಒಗ್ಗಿಕೊಳ್ಳಬೇಕು.

ಚಪ್ಪಟೆ ಮೂತಿಯ ಪೆಲೆಟ್‌ಗಳಲ್ಲೂ ತಲೆಯ ವ್ಯಾಸ 4.49, 4.50, 4.51, 4.52 ಎಂದು ಬೇರೆಬೇರೆ ಸಿಗುತ್ತದೆ. ಒಂದೇ ಕಂಪನಿಯ ಒಂದೇ ಹೆಸರಿನ ಡಬ್ಬಿಯಾದರೂ ವ್ಯಾಸ ಬದಲಾದರೆ ಗುಂಪು ಬದಲಾಗುತ್ತದೆ. ಡಬ್ಬಿ ಖಾಲಿಯಾಗಿ ಇನ್ನೊಂದು ತಂದಾಗ ತಯಾರಿಕೆಯ ಬ್ಯಾಚ್ ಬೇರೆಯಾಗಿದ್ದರೂ ಅಷ್ಟೇ. ಹಾಗಾಗಿ ಹೊಂದಿದ ಬ್ಯಾಚ್ ಸಿಕ್ಕಿತೆಂದರೆ ಸಾಧ್ಯವಾದಷ್ಟು ಅದನ್ನೇ ಕೊಂಡಿಡಿ. ಡಬ್ಬಿಯಿಂದ ತೆಗೆದ ಪೆಲೆಟ್‌ನ ಹಿಂಬದಿಯ ತೆಳುವಾದ ಅಂಚು ಜಜ್ಜಿದೆಯೇ ಎಂದು ಗಾಜಿನ ಮೇಲೆ ಉರುಳಿಸಿ ನೋಡಿ. ಸರಿಯಾದದ್ದು ಸಮನಾಗಿ ಬಳಸಿ ಬರುತ್ತದೆ, ಜಜ್ಜಿದ್ದು ಕುಂಟುತ್ತದೆ.

ಅಳೆಯುವ ಕ್ರಮ: ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿ.ಮೀ. ಕಳೆಯಿರಿ. ಎಷ್ಟು ಬಂದರೆ ಒಳ್ಳೆಯದು? ಅಂತರರಾಷ್ಟ್ರೀಯ ನಿಯಮದ ಏರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಪೆಲೆಟ್‌ನ ಅಂಚು ಅದನ್ನು ಮುಟ್ಟಿದರೂ ಹತ್ತು. ಅಂದರೆ ಪೆಲೆಟ್‌ನ ನಡು ಗುರಿಯ ನಡುವಿನಿಂದ 2.5 ಮಿ.ಮೀ. ಆಚೀಚೆ ಬಿದ್ದರೂ ಹತ್ತೇ. ಮರಳುಚೀಲದ ಮೇಲೆ ಗುಂಪು 2 ಮಿ.ಮೀ. ಒಳಗಿದ್ದರೆ ರೈಫಲನ್ನೂ ಪೆಲೆಟನ್ನೂ ದೂರುವಂತಿಲ್ಲ. ಉಳಿದದ್ದೆಲ್ಲ ನಿಲುವು ಮತ್ತು ಟ್ರಿಗರ್ ಬೆರಳಿನ ಕೆಲಸ.

ಪ್ರಶ್ನೆ: ಸ್ಪ್ರಿಂಗ್ ರೈಫಲ್ ಮೇಲೆ ಸ್ಕೋಪ್ ಹಾಕಿದೆ. 10 ಮೀಟರ್‌ನಲ್ಲಿ ಮಸುಕು, ಮೇಲಾಗಿ ಐವತ್ತು ಹೊಡೆತಕ್ಕೆ ಹಿಂದಕ್ಕೆ ಜಾರಿರುತ್ತದೆ.

ಉತ್ತರ: ಎರಡೂ ಬೇರೆ ರೋಗ. ದೂರದ ಗುರಿಯ ರೈಫಲ್‌ಗಳಿಗೆಂದು ಮಾಡಿದ ಸ್ಕೋಪ್‌ಗಳಲ್ಲಿ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗೆರೆಗಳೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷ) ಇಲ್ಲದ ದೂರವನ್ನು ಸಾಮಾನ್ಯವಾಗಿ 100 ಗಜದ ಆಸುಪಾಸಿಗೆ ಕೂರಿಸಿರುತ್ತಾರೆ. ನಿಮಗೆ ಬೇಕಾದದ್ದು 10 ಮೀಟರ್‌ವರೆಗೆ ಇಳಿಸಬಲ್ಲ ಸ್ಕೋಪ್. ತಲೆಯನ್ನು ತುಸು ಆಡಿಸಿದಾಗ ಗೆರೆಗಳು ಗುರಿಯ ಮೇಲೆ ಸರಿದಾಡದಿದ್ದರೆ ಹೊಂದಿಕೆ ಸರಿ.

ಜಾರುವುದಕ್ಕೆ ಕಾರಣ ಆ ಹಿಂದು-ಮುಂದಿನ ಕುಲುಕು. ಸಾಮಾನ್ಯ ಸ್ಕೋಪ್‌ಗಳು ಒಂದೇ ದಿಕ್ಕಿನ ಒದೆತಕ್ಕೆ ತಯಾರಾಗಿರುತ್ತವೆ, ಸ್ಪ್ರಿಂಗ್ ರೈಫಲ್ ಅವುಗಳ ಒಳಗಿನ ಗೆರೆಯನ್ನೇ ಮುರಿದುಹಾಕಬಹುದು. ಏರ್‌ಗನ್‌ಗೆಂದೇ ಹೇಳಿರುವುದನ್ನು ತೆಗೆದುಕೊಳ್ಳಿ. ಮೌಂಟ್‌ನಲ್ಲಿ (ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಉಂಗುರಗಳ ಜೋಡಣೆ) ತಡೆಯುವ ಪಿನ್ ಇರಲಿ, ಅದು ರೈಫಲ್ ಮೇಲಿನ ಗುಳಿಯಲ್ಲಿ ಕೂತಿರಲಿ. ಮೌಂಟ್ ಕೂರುವ 11 ಮಿ.ಮೀ. ಡವ್‌ಟೇಲ್ ಹಳಿಯ ಎಣ್ಣೆಯನ್ನು ಪೂರ್ತಿ ಒರೆಸಿ. ಉಂಗುರದ ಸ್ಕ್ರೂಗಳನ್ನು ಅಡ್ಡಡ್ಡವಾಗಿ, ಎರಡೂ ಬದಿಯ ಸಂದು ಸಮ ಇರುವಂತೆ, ಸುಮಾರು 1.7ರಿಂದ 2 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಅದಕ್ಕಿಂತ ಹೆಚ್ಚಾದರೆ ಸ್ಕೋಪ್‌ನ ಕೊಳವೆಯೇ ಹಿಸುಕಿಕೊಳ್ಳುತ್ತದೆ.

ಇನ್ನು ಕ್ಲಿಕ್ ಲೆಕ್ಕ, ಅಂದರೆ ಸ್ಕೋಪ್‌ನ ತಿರುಗಣೆಯ ಒಂದೊಂದು ಹೆಜ್ಜೆಯದ್ದು. ಕಾಲು ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ 100 ಮೀಟರ್‌ನಲ್ಲಿ 7.3 ಮಿ.ಮೀ., 10 ಮೀಟರ್‌ನಲ್ಲಿ ಬರೀ 0.73 ಮಿ.ಮೀ. ಗುಂಪು 20 ಮಿ.ಮೀ. ಎಡಕ್ಕಿದ್ದರೆ ಸುಮಾರು 27 ಕ್ಲಿಕ್ ಬಲಕ್ಕೆ. ಎತ್ತರದ ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿದರೂ ಗುಂಪು ಕೆಳಗೇ ಬೀಳುತ್ತಿದ್ದರೆ ನಳಿಗೆ ಮೂತಿಯ ಕಡೆ ತುಸು ಬಾಗಿ ಕೂತಿದೆ. ಮಡಚುವ ಮಾದರಿಯಲ್ಲಿ ಇದು ಮಾಮೂಲು. ಹಿಂಬದಿ ಎತ್ತರವಿರುವ ಮೌಂಟ್ ಹಾಕಿ. ತಿರುಗಣೆ ಕೊನೆ ಮುಟ್ಟಿದಾಗ ಒಳಗಿನ ಸ್ಪ್ರಿಂಗ್ ಸಡಿಲಾಗಿ ಪ್ರತಿ ಹೊಡೆತಕ್ಕೂ ಗುರಿ ಅಲೆದಾಡುತ್ತದೆ.

ಪ್ರಶ್ನೆ: ಟ್ರಿಗರ್ ಗಟ್ಟಿ. ಸಿಯರ್ (ಟ್ರಿಗರ್ ಎಳೆಯುವವರೆಗೆ ಸಜ್ಜಾದ ರೈಫಲನ್ನು ತಡೆದಿಡುವ ಕೊಕ್ಕೆ) ಅನ್ನು ಅರ ಹಾಕಿ ಉಜ್ಜಿದರೆ ಹಗುರವಾಗುತ್ತದೆ ಎನ್ನುತ್ತಾರೆ.

ಉತ್ತರ: ಆಗುತ್ತದೆ. ಒಂದು ದಿನ ಬೆರಳು ತಾಗಿಸದೆಯೂ ಹಾರುತ್ತದೆ. ಸಿಯರ್‌ನ ಮೇಲ್ಮೈಯಲ್ಲಿ ಮಾತ್ರ ತೆಳುವಾದ ಗಟ್ಟಿ ಪದರ ಇರುತ್ತದೆ. ಅರ ಅದನ್ನು ಕಿತ್ತರೆ ಕೆಳಗಿನ ಮೃದು ಲೋಹ ಬೇಗ ಸವೆದು ಹಿಡಿತ ಕಳೆದುಕೊಳ್ಳುತ್ತದೆ. ಮಡಚಿದ ನಳಿಗೆ ಆ ಹೊತ್ತಿಗೆ ಕೈಯಲ್ಲಿದ್ದರೆ ಬೆರಳು ಮುರಿಯುವಷ್ಟು ಜೋರಾಗಿ ಅದು ಎದ್ದು ಬರುತ್ತದೆ. ಪೆಲೆಟ್ ಹಾಕುವಾಗ ನಳಿಗೆಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಬೇಕು ಎನ್ನುವುದು ಇದಕ್ಕೇ.

ಕಾರ್ಖಾನೆ ಕೊಟ್ಟಿರುವ ಸ್ಕ್ರೂಗಳಿಂದಲೇ ಹೊಂದಿಸಿ. ಮೊದಲು ಮೊದಲ ಹಂತದ ಭಾರ, ಆಮೇಲೆ ಎರಡನೇ ಹಂತ ಶುರುವಾಗುವ ಜಾಗ, ಕೊನೆಗೆ ಬಿಟ್ಟ ಮೇಲೆ ಟ್ರಿಗರ್ ಹಿಂದಕ್ಕೆ ಓಡುವ ದೂರ. ಒಮ್ಮೆಗೆ ಕಾಲು ಸುತ್ತು ಮಾತ್ರ, ತಿರುಗಿಸಿದ್ದನ್ನು ಬರೆದಿಡಿ. ಬೆರಳಿಗೆ ಎರಡು ಹಂತದ ನಡುವಿನ ಗೋಡೆ ಸ್ಪಷ್ಟವಾಗಿ ತಾಗಬೇಕು; ಆ ಗೋಡೆ ಮಾಯವಾದರೆ ಹಿಡಿತ ಅಪಾಯದ ಅಂಚಿಗೆ ಬಂದಿದೆ, ಹಿಂದಕ್ಕೆ ತಿರುಗಿಸಿ. ಹೊಂದಿಸಿದ ಮೇಲೆ, ಖಾಲಿ ಹೊಡೆತದ ಸೌಲಭ್ಯವಿರುವ ರೈಫಲನ್ನು ಪೆಲೆಟ್ ಇಲ್ಲದೆ ಸಜ್ಜುಮಾಡಿ, ಸ್ಟಾಕ್‌ನ ನಾಲ್ಕೂ ಕಡೆ ಅಂಗೈಯಿಂದ ಗುದ್ದಿ ನೋಡಿ. ಬಿಟ್ಟುಕೊಂಡರೆ ಬಳಸಬೇಡಿ. ಸ್ಪ್ರಿಂಗ್ ರೈಫಲನ್ನು ಮಾತ್ರ ಖಾಲಿ ಹೊಡೆಯಬೇಡಿ: ಪೆಲೆಟ್ ಇಲ್ಲದಿದ್ದರೆ ಗಾಳಿಯ ಮೆತ್ತೆ ಇಲ್ಲ, ಪಿಸ್ಟನ್ ಲೋಹಕ್ಕೇ ಬಡಿಯುತ್ತದೆ. ಏರ್ ಪಿಸ್ತೂಲಿಗೆ ಸ್ಪರ್ಧೆಯಲ್ಲಿ ಕನಿಷ್ಠ 500 ಗ್ರಾಂ ಟ್ರಿಗರ್ ಭಾರ ಕಡ್ಡಾಯ. ರೈಫಲ್‌ಗೆ ಅಂಥ ಕನಿಷ್ಠ ಮಿತಿ ಇಲ್ಲ ಎನ್ನುವುದು ಹೊಸಬರಿಗೆ ಕೊಟ್ಟ ಅನುಮತಿಯಲ್ಲ.

ಪ್ರಶ್ನೆ: ನನ್ನ ಮೈಕಟ್ಟಿಗೆ ಹೊಂದುವ ಮರದ ಸ್ಟಾಕ್ ಅನ್ನು ನಾನೇ ಮಾಡಿಕೊಳ್ಳಬಹುದೇ?

ಉತ್ತರ: ಖಂಡಿತ. ಹವ್ಯಾಸಿಗಳು ಕೈಹಾಕಬಹುದಾದ ಕೆಲಸಗಳಲ್ಲಿ ಗುರಿಗೆ ಅತಿ ಹೆಚ್ಚು ಲಾಭ ತರುವುದೂ ಇದೇ. ಆದರೆ ಮರ ಕೊಯ್ಯುವ ಮೊದಲು ಅಳತೆ ಹಿಡಿಯಿರಿ. ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ಸ್ಟಾಕ್‌ನ ಹಿಂತುದಿಯನ್ನು ಮಡಿಕೆಗೆ ಒತ್ತಿಟ್ಟಾಗ ತೋರುಬೆರಳಿನ ಮೊದಲ ಗೆಣ್ಣಿನ ಮಾಂಸಭಾಗ ಟ್ರಿಗರ್ ಮೇಲೆ ಕೂರಬೇಕು. ಇದು ಶುರುವಿನ ಅಳತೆ ಮಾತ್ರ. ಹಿಂತುದಿಯನ್ನು 20 ಮಿ.ಮೀ. ಗಿಡ್ಡವಾಗಿಯೇ ಮಾಡಿ, ತೆಳು ಹಲಗೆಗಳನ್ನು ಸೇರಿಸುತ್ತ ಹೋಗಿ. ದಪ್ಪ ಜಾಕೆಟ್ ತೊಟ್ಟರೆ ಕಡಿಮೆ ಉದ್ದ ಬೇಕಾಗುತ್ತದೆ. ಕೆನ್ನೆಯ ದಿಂಬಿಗೆ ಸರಳ ಪರೀಕ್ಷೆ: ಕಣ್ಣು ಮುಚ್ಚಿ ಕೆನ್ನೆ ಇಟ್ಟು, ತೆರೆದಾಗ ಹಿಂದಿನ ಸೈಟಿನ ನಡುವಿನಲ್ಲೇ ಮುಂದಿನದ್ದು ಕಾಣಬೇಕು. ಕೆನ್ನೆ ಒತ್ತಿ ಇಳಿಸಬೇಕಾದರೆ ದಿಂಬು ಎತ್ತರವಾಯಿತು; ಕತ್ತು ಎತ್ತಬೇಕಾದರೆ, ಕೆನ್ನೆ ತೇಲುತ್ತಿದ್ದರೆ ತಗ್ಗಾಯಿತು.

ವಾಲ್‌ನಟ್, ಬೀಚ್, ಅಥವಾ ತೆಳು ಪದರಗಳನ್ನು ಅಂಟಿಸಿದ ಬರ್ಚ್ ಆಗುತ್ತದೆ. ಪದರದ ಹಲಗೆ ಹವೆಗೆ ಕಡಿಮೆ ತಿರುಚಿಕೊಳ್ಳುತ್ತದೆ. ಒಂಟಿ ಮರವಾದರೆ ಹಿಡಿಯ ಹತ್ತಿರ ಎಳೆ ಉದ್ದುದ್ದಕ್ಕೆ ಓಡಬೇಕು; ಅಡ್ಡ ಓಡಿದರೆ ಒಮ್ಮೆ ನೆಲಕ್ಕೆ ಬಿದ್ದಾಗ ಕುತ್ತಿಗೆಯಲ್ಲೇ ಸೀಳುತ್ತದೆ. ಪೂರ್ತಿ ಒಣಗದ ಮರ ಬೇಡ, ಮಳೆಗಾಲದಲ್ಲಿ ಸರಿ ಕೂತದ್ದು ಬೇಸಿಗೆಯಲ್ಲಿ ಸಡಿಲಾಗುತ್ತದೆ.

ನಿಖರತೆ ಹಾಳಾಗುವುದು ಲೋಹ ಮತ್ತು ಮರ ಸೇರುವ ಜಾಗದಲ್ಲಿ. ಸ್ಕ್ರೂ ಹೋಗುವ ತೂತುಗಳಿಗೆ ಅಲ್ಯುಮಿನಿಯಂ ಕೊಳವೆ ಕೂರಿಸಿ ಎಪಾಕ್ಸಿಯಲ್ಲಿ ಅಂಟಿಸಿ. ಸ್ಕ್ರೂ ಬಿಗಿದಾಗ ಮರ ಹಿಸುಕಬಾರದು, ಲೋಹಕ್ಕೆ ಲೋಹ ತಾಗಬೇಕು. ನಂತರ ರೈಫಲ್‌ನ ತಳ ಕೂರುವ ತೊಟ್ಟಿಗೆ ಗಟ್ಟಿ ಎಪಾಕ್ಸಿ ಹಚ್ಚಿ ಅಚ್ಚು ತೆಗೆಯುತ್ತಾರೆ. ಲೋಹಕ್ಕೆ ಮೇಣವನ್ನು ಎರಡು ಕೋಟು ಹಚ್ಚದಿದ್ದರೆ, ಸ್ಕ್ರೂ ತೂತು ಮತ್ತು ಟ್ರಿಗರ್ ಗೂಡನ್ನು ಜೇಡಿಯಿಂದ ಮುಚ್ಚದಿದ್ದರೆ, ರೈಫಲ್ ಸ್ಟಾಕಿನಿಂದ ಈಚೆ ಬರುವುದೇ ಇಲ್ಲ. ಇಡೀ ಕೆಲಸದಲ್ಲಿ ಜನ ಎಡವುವುದು ಇಲ್ಲೇ. ಅಚ್ಚು ಗಟ್ಟಿಯಾಗುವಾಗ ಸ್ಕ್ರೂಗಳನ್ನು ಬಿಗಿಯಬೇಡಿ, ಬೆರಳಿನಷ್ಟು ತಾಗಿಸಿದರೆ ಸಾಕು. ಬಿಗಿದರೆ ಬಾಗಿದ ಆಕಾರವೇ ಅಚ್ಚಾಗುತ್ತದೆ. ಮುಗಿದ ಮೇಲೆ ಒಂದು ಸ್ಕ್ರೂ ಸಡಿಲಿಸುತ್ತ ನಳಿಗೆಯ ಪಕ್ಕ ಬೆರಳಿಟ್ಟು ನೋಡಿ, ಅಲುಗಾಟ ತಿಳಿದರೆ ಇನ್ನೂ ಒತ್ತಡ ಉಳಿದಿದೆ. ಸ್ಪರ್ಧೆಗೆ ಹೋಗುವುದಾದರೆ ಒಟ್ಟು ಭಾರ 5.5 ಕೆ.ಜಿ. ಮೀರಬಾರದು.

ಪ್ರಶ್ನೆ: ಹೊಗೆ ಬರುತ್ತದೆ, ಶಬ್ದವೂ ಜೋರು. ಎಣ್ಣೆ ಹಾಕಿದ್ದು ಸಾಲದೇ? ಜೋರಾದ ಸ್ಪ್ರಿಂಗ್ ಹಾಕಬಹುದೇ?

ಉತ್ತರ: ಎಣ್ಣೆ ಹೆಚ್ಚಾಗಿಯೇ ಹೀಗಾಗಿದೆ. ಒತ್ತಿದ ಗಾಳಿಯ ಬಿಸಿಗೆ ಸಾಮಾನ್ಯ ಎಣ್ಣೆ ಒಳಗೇ ಹೊತ್ತಿಕೊಂಡು ಸೀಲ್ ಸುಡುತ್ತದೆ. ಗಾಳಿ ಒತ್ತುವ ಕೋಣೆಗೆ ಎಣ್ಣೆ ಬಿಡಬೇಡಿ. ಪಿಸಿಪಿಯ ರಬ್ಬರ್ ಉಂಗುರಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಸಿಲಿಂಡರ್‌ಗೆ ಒಣ ಗಾಳಿ ಮಾತ್ರ. ಆಮ್ಲಜನಕ ತುಂಬಿಸಿದರೆ ಗ್ರೀಸ್ ಹೊತ್ತಿ ಸ್ಫೋಟವಾಗಬಹುದು. ಜೋರು ಸ್ಪ್ರಿಂಗ್‌ನಿಂದ ಕುಲುಕು ಏರುತ್ತದೆ, ಕಾನೂನಿನ ಮಿತಿ ದಾಟುವ ಸಂಭವವೂ ಇದೆ. ಬೇಡ.

ಪ್ರಶ್ನೆ: ನಳಿಗೆ ಎಷ್ಟಕ್ಕೊಮ್ಮೆ ತೊಳೆಯಬೇಕು?

ಉತ್ತರ: ಗುಂಪು ಹಿಗ್ಗಿದಾಗ. ಸಾಧ್ಯವಿರುವ ರೈಫಲ್‌ಗಳಲ್ಲಿ ಪೆಲೆಟ್ ಹಾಕುವ ಕಡೆಯಿಂದಲೇ ಫೆಲ್ಟ್ ಉಂಡೆಗಳನ್ನು ತೂರಿಸಿ. ಮೂತಿಯಿಂದ ಕಬ್ಬಿಣದ ಕಡ್ಡಿ ಹಾಕಿದರೆ ಅಂಚು ಸವೆಯುತ್ತದೆ. ಬಿಳಿ ಫೆಲ್ಟ್ ಕಪ್ಪಾಗದೆ ಬಂದರೆ ಸಾಕು. ಮುಗಿದ ಮೇಲೆ, ಪೆಲೆಟ್ ಮುಟ್ಟಿದ ಮೇಲೂ, ಸೋಪು ಹಾಕಿ ಕೈ ತೊಳೆಯಿರಿ. ಗುರಿಯ ಪೆಟ್ಟಿಗೆಯ ಸೀಸದ ಪುಡಿಯನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.