ಅತ್ತೆಗೆ ದೇವಸ್ಥಾನ, ನಾದಿನಿಗೆ ಬೀಚ್: ವಿಶಾಖಪಟ್ಟಣಕ್ಕೆ ಹೋಗೋರಿಗೆ

ಪ್ರವಾಸದ ಪ್ರಶ್ನೆಗಳಿಗೆ ಬಂಗಾರಪೇಟೆಯ ನಿವೃತ್ತ ರೈಲ್ವೆ ಬುಕಿಂಗ್ ಕ್ಲರ್ಕ್ ಒಬ್ಬರ ಉತ್ತರ

ಪ್ರಶ್ನೆ: ನಮ್ಮದು ಮಾವಿನ ತೋಟದ ಮನೆ. ಮದುವೆಯಾಗಿ ಎರಡು ವರ್ಷವಾದರೂ ಎಲ್ಲಿಗೂ ಹೋಗಿಲ್ಲ. ಯಜಮಾನರಿಗೆ ಸಮುದ್ರ ಬೇಕು, ಅತ್ತೆಗೆ ದೇವಸ್ಥಾನ ಬೇಕು. ಡಿಗ್ರಿ ಓದುತ್ತಿರುವ ನಾದಿನಿಗೆ ರಾತ್ರಿ ಹೊತ್ತು ಜನ, ಲೈಟು, ತಿಂಡಿ ಇರೋ ಊರು ಬೇಕು. ನನಗೆ ಬೆಟ್ಟ ಇಷ್ಟ. ಗೋವಾ ಅಂದರೆ ಅತ್ತೆ ಒಪ್ಪಲ್ಲ. ಸುಗ್ಗಿ ಮುಗಿದ ಮೇಲೆ ಜುಲೈನಲ್ಲಿ ಹೋಗೋಣ ಅಂತಿದ್ದೇವೆ. ಯಾವ ಊರು ಹೇಳುತ್ತೀರಿ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ವಿಶಾಖಪಟ್ಟಣಕ್ಕೆ ಹೋಗಿಮ್ಮ. ನಿಮ್ಮ ನಾಲ್ಕೂ ಜನರ ಆಸೆ ಒಂದೇ ಊರಲ್ಲಿ ತೀರುತ್ತದೆ. ನಿಮ್ಮ ಕಡೆಯವರಿಗೆ ತೆಲುಗು ಹೇಗೂ ಬರುತ್ತದೆ, ಆಟೋದವರ ಹತ್ತಿರ ಚೌಕಾಸಿಗೆ ತೊಂದರೆಯಿಲ್ಲ. ನೀವು ಎರಡು ಮಾತಾಡಿದ ತಕ್ಷಣ 'ಚಿತ್ತೂರು ಕಡೆಯವರಾ?' ಅಂತ ಕೇಳುತ್ತಾರೆ. ಹೌದು ಅಂದುಬಿಡಿ, ಏನೂ ನಷ್ಟವಿಲ್ಲ.

ಜುಲೈ ಮಾತ್ರ ಬೇಡ. ಮಳೆಯೂ ಇರುತ್ತದೆ, ಅದರ ಮೇಲೆ ಸೆಕೆ. ನಮ್ಮದು ಒಣ ಹವೆ, ಇಲ್ಲಿ ಬಿಸಿಲಿದ್ದರೂ ನೆರಳಿಗೆ ಬಂದರೆ ಹಾಯ್ ಅನ್ನಿಸುತ್ತದೆ. ಅಲ್ಲಿ ನೆರಳಲ್ಲೂ ಬೆವರು ಇಳಿಯುತ್ತದೆ. ಅಕ್ಟೋಬರ್, ನವೆಂಬರ್ ಚಂಡಮಾರುತದ ಕಾಲ. 2014ರ ಅಕ್ಟೋಬರಿನಲ್ಲಿ ಹುದ್‌ಹುದ್ ನೇರ ಆ ಊರಿಗೇ ಬಡಿದಿತ್ತು. ನನ್ನ ಅಕ್ಕ, ಭಾವ ಆಗ ಅಲ್ಲಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿದ್ದರು. ಊರಲ್ಲಿ ನಿಂತ ಮರ ಹುಡುಕಬೇಕಿತ್ತು ಅಂತ ಅಕ್ಕ ಈಗಲೂ ಹೇಳುತ್ತಾಳೆ. ಡಿಸೆಂಬರ್, ಜನವರಿ ನೋಡಿಕೊಳ್ಳಿ. ಆಗ ತೋಟದಲ್ಲೂ ಹೂ ಬಿಡೋ ಹೊತ್ತು, ಔಷಧಿ ಹೊಡೆಯೋಕೆ ಯಾರಿಗಾದರೂ ಹೇಳಿ ಹೊರಡಿ.

ಹೊರಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಮಲ್ಪೆ, ಗೋಕರ್ಣ ನೋಡಿದವರು ಸಮುದ್ರ ಅಂದರೆ ಸಾಯಂಕಾಲ ಅಂದುಕೊಂಡಿರುತ್ತಾರೆ. ವಿಶಾಖಪಟ್ಟಣ ಇರುವುದು ಪೂರ್ವದ ಕಡಲಿನ ಮೇಲೆ. ಸೂರ್ಯ ನೀರಿನಿಂದ ಹುಟ್ಟುತ್ತಾನೆ, ಊರಿನ ಹಿಂದಿನ ಬೆಟ್ಟಗಳ ಕಡೆ ಇಳಿಯುತ್ತಾನೆ. ಆದ್ದರಿಂದ ಸಮುದ್ರ ನೋಡೋದು ಬೆಳಗಿನ ಜಾವ. ರಾತ್ರಿಯೆಲ್ಲ ಸುತ್ತಾಡಿ ಒಂಬತ್ತಕ್ಕೆ ಏಳುವವರು ಈ ಊರಿನ ಅರ್ಧ ನೋಡಿರುವುದೇ ಇಲ್ಲ. ನಾದಿನಿಗೆ ಇದನ್ನು ಈಗಲೇ ಹೇಳಿಬಿಡಿ, ಆಮೇಲೆ ಮುನಿಸು ಬೇಡ.

ಉಳಿಯೋಕೆ ಆರ್‌.ಕೆ. ಬೀಚ್ ಹತ್ತಿರ ರೂಮ್ ಮಾಡಿ. ಬಾಡಿಗೆ ಸ್ವಲ್ಪ ಜಾಸ್ತಿ, ಆದರೆ ಬೆಳಗ್ಗೆ ಆರಕ್ಕೆ ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೋಗಬಹುದು. ಅಲ್ಲಿ ಯಜಮಾನರನ್ನು ನೀರಿಗೆ ಮಾತ್ರ ಇಳಿಸಬೇಡಿ. ಕಲ್ಲುಗಳಿವೆ, ಒಳಸೆಳೆತ ಇದೆ, ಮುಳುಗಿ ಸತ್ತವರಿದ್ದಾರೆ. ಕೆರೆಯಲ್ಲಿ ಈಜು ಕಲಿತವರಿಗೇ ಧೈರ್ಯ ಜಾಸ್ತಿ, ಅಪಾಯವೂ ಅವರಿಗೇ. ನೀರಾಟ ಬೇಕಿದ್ದರೆ ಋಷಿಕೊಂಡ ಬೀಚಿಗೆ ಹೋಗಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಗುರುತು 2020ರಲ್ಲಿ ಸಿಕ್ಕಿದ ಬೀಚ್ ಅದು. ಅಲ್ಲಿಯೂ ಲೈಫ್‌ಗಾರ್ಡ್ 'ಇಳಿಯಬೇಡಿ' ಅಂದರೆ ಇಳಿಯಬೇಡಿ.

ಆರ್‌.ಕೆ. ಬೀಚ್ ಮೇಲೆಯೇ ಕುರ್ಸುರ ಸಬ್‌ಮರೀನ್ ಇದೆ. ರಷ್ಯಾದಲ್ಲಿ ಕಟ್ಟಿದ್ದು. 1969ರಲ್ಲಿ ನೌಕಾಪಡೆ ಸೇರಿ 2001ರವರೆಗೆ ಕೆಲಸ ಮಾಡಿತು. ಆಮೇಲೆ ಅದನ್ನು ಸಮುದ್ರದಿಂದ ಎಳೆದು ಮರಳಿನ ಮೇಲೆ ಕೂರಿಸಿ, 2002ರಲ್ಲಿ ಮ್ಯೂಸಿಯಂ ಮಾಡಿದರು. ಒಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದುಂಡನೆ ಬಾಗಿಲುಗಳಲ್ಲಿ ಬಗ್ಗಿ ತೂರಬೇಕು, ಅತ್ತೆ ಹೊರಗೇ ಕೂರಲಿ. ಸೋಮವಾರ ರಜೆ. ಎದುರಿಗೇ ಟಿಯು-142 ಅನ್ನೋ ದೊಡ್ಡ ನೌಕಾಪಡೆ ವಿಮಾನವೂ ಇದೆ. ಅದಕ್ಕೆ ಹತ್ತೋಕೆ ಅವರಿಗೂ ಕಷ್ಟವಾಗಲಿಕ್ಕಿಲ್ಲ.

ಅತ್ತೆಗೆ ಸಿಂಹಾಚಲ. ಬೆಟ್ಟದ ಮೇಲೆ ವರಾಹ ಲಕ್ಷ್ಮೀನರಸಿಂಹ. ವರ್ಷವೆಲ್ಲ ಮೈತುಂಬ ಗಂಧ ಮೆತ್ತಿರುತ್ತಾರೆ, ನೋಡಿದರೆ ಲಿಂಗದ ಹಾಗೆ ಕಾಣುತ್ತದೆ. ನಿಜರೂಪ ಕಾಣುವುದು ಅಕ್ಷಯ ತದಿಗೆಯ ಒಂದೇ ದಿನ. ಆ ದಿನ ನೀವು ಹೋಗಬೇಡಿ, ಜನಸಾಗರ. ಕಳಿಂಗದ ಮೇಲೆ ದಂಡೆತ್ತಿ ಹೋದ ಕೃಷ್ಣದೇವರಾಯ 1516ರಲ್ಲಿ ಇಲ್ಲಿಗೆ ಬಂದು ಒಡವೆ ಒಪ್ಪಿಸಿದ, ಅವನ ಶಾಸನಗಳು ಗುಡಿಯಲ್ಲಿವೆ. ಒಳಗೆ ಕಪ್ಪಸ್ತಂಭ ಅಂತ ಒಂದು ಕಂಬ ಇದೆ. ಅದನ್ನು ಅಪ್ಪಿಕೊಂಡರೆ ಮಕ್ಕಳಾಗುತ್ತವೆ ಅಂತ ನಂಬಿಕೆ. ಮದುವೆಯಾಗಿ ಎರಡು ವರ್ಷ ಅಂತ ಬರೆದಿದ್ದೀರಿ. ಅತ್ತೆ ನಿಮ್ಮನ್ನು ಸೀದಾ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ, ರೆಡಿಯಾಗಿರಿ!

ಇನ್ನು ನಿಮ್ಮ ಬೆಟ್ಟ. ಇಲ್ಲಿ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ರೈಲಿನವನ ಚಪಲ. ಅರಕು ಕಣಿವೆ ಊರಿನಿಂದ ಸುಮಾರು 115 ಕಿ.ಮೀ. ಕಾರಲ್ಲೂ ಹೋಗಬಹುದು. ಆದರೆ ಹೋಗುವಾಗ ಕಿರಂದುಲ್ ಪ್ಯಾಸೆಂಜರ್‌ನಲ್ಲೇ ಹೋಗಿ. ಈಗಿನ ಛತ್ತೀಸಗಢದ ಬೈಲಾಡಿಲ ಗಣಿಗಳ ಕಬ್ಬಿಣದ ಅದಿರನ್ನು ವಿಶಾಖಪಟ್ಟಣ ಬಂದರಿಗೆ ತಂದು ಜಪಾನಿಗೆ ಕಳಿಸೋಕೆ 1960ರ ದಶಕದಲ್ಲಿ ಹಾಕಿದ ಲೈನು ಅದು. ಜಪಾನಿನವರೇ ನೆರವು ಕೊಟ್ಟರು. ಪೂರ್ವಘಟ್ಟ ಹತ್ತಬೇಕಲ್ಲ, ಸುರಂಗದ ಮೇಲೆ ಸುರಂಗ. ಅರಕು ಮುಟ್ಟೋದರೊಳಗೆ ಐವತ್ತಕ್ಕೂ ಹೆಚ್ಚು ದಾಟುತ್ತೀರಿ. ಪ್ರತಿ ಸುರಂಗಕ್ಕೂ ಬೋಗಿಯ ಹುಡುಗರು ಕೂಗುತ್ತಾರೆ, ಕೊನೆಕೊನೆಗೆ ಅತ್ತೆಯೂ ಕೂಗಿದರೆ ಆಶ್ಚರ್ಯವಿಲ್ಲ. ಒಂದು ಕತ್ತಲು ಮುಗಿದು ಇನ್ನೊಂದು ಬರುವ ನಡುವೆ ಕೆಳಗೆ ಕಣಿವೆ, ಹಸಿರು ಗದ್ದೆ, ಸೇತುವೆ. ಶಿಮಿಳಿಗುಡ ಸ್ಟೇಷನ್ ದಾಟುವಾಗ ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಮೇಲಿರುತ್ತೀರಿ. ಬೆಳಗ್ಗೆ ಸಮುದ್ರದ ಪಕ್ಕ ರೈಲು ಹತ್ತಿದವರು ಮಧ್ಯಾಹ್ನದ ಊಟಕ್ಕೆ ಸ್ವೆಟರ್ ಹಾಕಿಕೊಂಡು ಕೂರೋದು ಅಂದರೆ ತಮಾಷೆಯೇ!

2017ರಿಂದ ಈ ರೈಲಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ಟಿಕೆಟ್ ಬೇಗ ಖಾಲಿಯಾಗುತ್ತದೆ, ಬುಕಿಂಗ್ ತೆರೆದ ದಿನವೇ ಕೂತುಬಿಡಿ. ಸಿಗದಿದ್ದರೆ ಮಾಮೂಲಿ ಸೀಟಿನ ಕಿಟಕಿಯೂ ಸಾಕು. ಗಾಳಿ ಬರುತ್ತದೆ, ಕಡಲೆಕಾಯಿ ಮಾರೋರೂ ಬರುತ್ತಾರೆ. ರೈಲು ಬೆಳಗ್ಗೆ ಏಳರೊಳಗೆ ಹೊರಡುತ್ತದೆ, ಅದಕ್ಕೇ ಹಿಂದಿನ ರಾತ್ರಿ ನಾದಿನಿಯ ಸುತ್ತಾಟ ಬೇಡ. ಅರಕುವಿನಲ್ಲಿ ಬಿದಿರಿನ ಬೊಂಬಿನೊಳಗೆ ಸುಟ್ಟ ಕೋಳಿ ತಿನ್ನಿ. ಕಾಫಿ ಪುಡಿ ತನ್ನಿ, ಅಲ್ಲಿನ ಆದಿವಾಸಿ ರೈತರು ಬೆಳೆದದ್ದು. ವಾಪಸ್ ಟ್ಯಾಕ್ಸಿಯಲ್ಲಿ ಅನಂತಗಿರಿ ಘಾಟಿ ಇಳಿಯುತ್ತಾ ಬೊರ್ರಾ ಗುಹೆ ನೋಡಿ. ಸುಣ್ಣಕಲ್ಲಿನ ಮೇಲೆ ನೀರು ಹನಿದು ಹನಿದು ಆದ ಗುಹೆ, ಒಳಗೆ ಮನೆ ಎತ್ತರಕ್ಕೂ ಮೀರಿದ ಜಾಗ. ಮೆಟ್ಟಿಲು ಜಾಸ್ತಿ, ಒದ್ದೆಯೂ ಇರುತ್ತದೆ. ಅತ್ತೆಗೆ ಮಂಡಿ ನೋವಿದ್ದರೆ ಬಾಯಿಯ ಹತ್ತಿರ ನಿಂತು ನೋಡಿದರೂ ಸಾಕು.

ನಾದಿನಿಗೆ ಊರಿನಲ್ಲಿ ಒಂದು ಸಂಜೆ ಪೂರ್ತಿ ಬಿಟ್ಟುಕೊಡಿ. ಮೊದಲು ಕೈಲಾಸಗಿರಿಗೆ ರೋಪ್‌ವೇಯಲ್ಲಿ ಹೋಗಿ. ಬಿಳಿಯ ಶಿವಪಾರ್ವತಿಯರ ಹತ್ತಿರ ನಿಂತರೆ ಕಡಲ ದಂಡೆ ಬಾಗಿ ಹೋಗುವುದು, ಒಂದೊಂದೇ ಲೈಟು ಹತ್ತುವುದು ಕಾಣುತ್ತದೆ. ಆಮೇಲೆ ಬೀಚ್ ರೋಡಿಗೆ ಇಳಿಯಿರಿ. ಪುಣುಗುಲು, ಬಜ್ಜಿ, ಮಂಡಕ್ಕಿ ಮಿಕ್ಸ್ಚರ್, ಸುಟ್ಟ ಜೋಳ. ಖಾರಕ್ಕೆ ನಮ್ಮವರು ಹೆದರಬೇಕಿಲ್ಲ. ಮಕ್ಕಳು ಮರಿ ಕಟ್ಟಿಕೊಂಡು ಬಂದ ಸಂಸಾರಗಳೇ ಜಾಸ್ತಿ, ಹೆಣ್ಣುಮಕ್ಕಳಿಗೆ ಮುಜುಗರವಿಲ್ಲ.

ಪ್ರಶ್ನೆ: ಫ್ರೆಂಡ್ಸ್ ಜೊತೆ ವಿಶಾಖಪಟ್ಟಣಕ್ಕೆ ಹೊರಟಿದ್ದೇವೆ. ರಾತ್ರಿ ಬೀಚಲ್ಲಿ ಕೂತು ಬಿಯರ್ ಕುಡಿಯಬಹುದಾ ಸಾರ್?
– ಓದುಗ, ಮಾಲೂರು

ಉತ್ತರ: ಇಲ್ಲಪ್ಪ. ಸಾರ್ವಜನಿಕ ಜಾಗದಲ್ಲಿ ಕುಡಿದರೆ ಪೊಲೀಸ್ ಸ್ಟೇಷನ್ನಲ್ಲಿ ಕೂರಿಸುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಪಬ್ ಇವೆ, ಹಾಡು, ಕುಣಿತ ಎಲ್ಲ ಇದೆ. ಅಲ್ಲಿ ಕುಡಿದು ಆಟೋದಲ್ಲಿ ರೂಮಿಗೆ ಹೋಗಿ. ಕುಡಿದವರು ರಾತ್ರಿ ನೀರಿಗೆ ಇಳಿಯಲೇಬಾರದು. ಮರುದಿನ ಡಾಲ್ಫಿನ್ಸ್ ನೋಸ್ ಬೆಟ್ಟದ ಆಚೆ ಯಾರಾಡ ಬೀಚಿಗೆ ಹೋಗಿ. ಮೂರು ಕಡೆ ಬೆಟ್ಟ, ಒಂದು ಕಡೆ ಸಮುದ್ರ. ನಿಮ್ಮ ವಯಸ್ಸಿನವರಿಗೆ ಪಬ್ಬಿಗಿಂತ ಅದೇ ಜಾಸ್ತಿ ನೆನಪಿರುತ್ತದೆ ಅಂತ ನನ್ನ ಲೆಕ್ಕ.

ಪ್ರಶ್ನೆ: ವಿಶಾಖಪಟ್ಟಣಕ್ಕೆ ರೈಲು ಒಳ್ಳೆಯದಾ, ನಮ್ಮ ಕಾರೇ ಒಳ್ಳೆಯದಾ?
– ಓದುಗರು, ಮುಳಬಾಗಿಲು

ಉತ್ತರ: ಕಾರಿನಲ್ಲಿ ನಿಮಗೆ ದಾರಿ ಸಲೀಸು. ಚಿತ್ತೂರು, ತಿರುಪತಿ ದಾಟಿ ನಾಯುಡುಪೇಟೆಯ ಹತ್ತಿರ ಚೆನ್ನೈ–ಕೋಲ್ಕತ್ತ ಹೆದ್ದಾರಿ ಹಿಡಿದರೆ ನೆಲ್ಲೂರು, ಒಂಗೋಲು, ವಿಜಯವಾಡ, ರಾಜಮಂಡ್ರಿ. ಒಂದೇ ಓಟಕ್ಕೆ ಹೋಗಬೇಡಿ, ವಿಜಯವಾಡದಲ್ಲಿ ಮಲಗಿ ಎದ್ದು ಹೋಗಿ. ಇಬ್ಬರು ಡ್ರೈವ್ ಮಾಡೋರಿಲ್ಲದಿದ್ದರೆ ರೈಲೇ ಸರಿ.

ರೈಲಾದರೆ ಬೆಂಗಳೂರಿನಿಂದ ಹತ್ತಿರ ಹತ್ತಿರ ಒಂದು ದಿನ. ಟಿಕೆಟ್ ತೆಗೆಯುವ ಮುಂಚೆ ಯಾವ ಸ್ಟೇಷನ್ ಅಂತ ನೋಡಿಕೊಳ್ಳಿ. ವಿಶಾಖಪಟ್ಟಣ ಸ್ಟೇಷನ್ನಿಗೆ ಹೋದ ಗಾಡಿ ಬಂದ ದಿಕ್ಕಿಗೇ ತಿರುಗಿ ಹೊರಡಬೇಕು, ಎಂಜಿನ್ ಆ ತುದಿಯಿಂದ ಈ ತುದಿಗೆ ಬದಲಾಯಿಸಬೇಕು. ಆ ಹೊತ್ತು ಉಳಿಸೋಕೆ ಎಷ್ಟೋ ದೂರದ ಗಾಡಿಗಳು ಊರೊಳಗೆ ಹೋಗುವುದೇ ಇಲ್ಲ, ಹೊರವಲಯದ ದುವ್ವಾಡದಲ್ಲಿ ನಿಂತು ಮುಂದಕ್ಕೆ ಹೋಗಿಬಿಡುತ್ತವೆ. ಕೌಂಟರಿನಲ್ಲಿ ಕೂತಿದ್ದಾಗ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿತ್ತು. ಮಲಗಿದ್ದವರು ವಿಶಾಖಪಟ್ಟಣ ಬರುತ್ತೆ ಅಂತ ಕಾಯುತ್ತಾ ಒಡಿಶಾ ಗಡಿ ಸೇರಿದ್ದೂ ಉಂಟು. ದುವ್ವಾಡದಲ್ಲಿ ಇಳಿದರೆ ಬೀಚ್ ಕಡೆಗೆ ಆಟೋದವರು ಬಾಯಿಗೆ ಬಂದದ್ದು ಕೇಳುತ್ತಾರೆ, ಗಾಜುವಾಕವರೆಗೆ ಹೋಗಿ ಅಲ್ಲಿಂದ ಸಿಟಿ ಬಸ್ ಹಿಡಿಯಿರಿ.